ಹತ್ತೋ, ಹನ್ನೊಂದೋ

ನನ್ನ ಮಗಳು ಶಾಲೆಯಲ್ಲಿ ಒಂದು ಮಾತು ಹೇಳಿಬಂದಿದ್ದಳು: ‘ನಮ್ಮ ಮಮ್ಮಿಯ ಮನೆ ಪಹಾಡಿನಲ್ಲಿತ್ತು.’ ಡೊಂಬಿವಲಿಯ ಅವಳ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ ಐದು ವಾಕ್ಯ ಹೇಳಬೇಕಿತ್ತಂತೆ. ಒಬ್ಬನದು ಕೊಂಕಣದ ಕಡಲು, ಇನ್ನೊಬ್ಬಳದು ಸಾತಾರೆಯ ಕಬ್ಬಿನ ಗದ್ದೆ. ಇವಳ ಸರದಿಗೆ ಪಹಾಡು ಬಂತು. ‘ಹಿಮ ಬೀಳುತ್ತಿತ್ತಾ?’ ಎಂದು ಪಕ್ಕದ ಬೆಂಚಿನವಳು ಕೇಳಿದ್ದಾಳೆ. ನನ್ನ ಮಗಳು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವಳ ಮೌನದ ಮೇಲೆ ಹಿಮ ತಾನಾಗಿಯೇ ಬಿದ್ದುಕೊಂಡಿತು.

“ಝೂಠ್ ಥೋಡೀ ಬೋಲಾ,” ಎಂದಳು ಸಂಜೆ ನನ್ನೆದುರು ನಿಂತು. “ಪಹಾಡ್ ಪೇ ಹೀ ಥಾ ನಾ ಘರ್?” ಸುಳ್ಳೇನೂ ಹೇಳಲಿಲ್ಲ, ಮನೆ ಗುಡ್ಡದ ಮೇಲೇ ಇತ್ತಲ್ಲ, ಎಂದು.

ಹತ್ತು ವರ್ಷದವಳು. ಸುಳ್ಳಿಗೂ ದಾರಿ ತಪ್ಪಿಸುವ ನಿಜಕ್ಕೂ ಇರುವ ಅಂತರವನ್ನು ಅವಳಿಗೆ ಕಲಿಸಿದವಳು ನಾನೇ. ಕಲ್ಯಾಣದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ; ಶನಿವಾರಗಳಂದು ಚರ್ಚಾಸ್ಪರ್ಧೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತೇನೆ. ನಾನೂ ಅದೇ ಸ್ಪರ್ಧೆಗಳಲ್ಲಿ ಬಡಿದಾಡಿ ಬೆಳೆದವಳು. ಜಾತಕ, ಹರಕೆ, ಫೋನಿನಲ್ಲಿ ಬರುವ ಕಷಾಯದ ಪಾಠ ಯಾವುದನ್ನೂ ಸುಮ್ಮನೆ ಒಪ್ಪಿದವಳಲ್ಲ. ‘ಪುರಾವೆ ಎಲ್ಲಿ?’ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ‘ಉಪ್ಪು ಎಲ್ಲಿ?’ ಎನ್ನುವಷ್ಟೇ ಸಲ ಕೇಳಿಬರುತ್ತದೆ. ಹಾಗಾಗಿ ಮಗಳ ಮಾತಿಗೆ ನಾನು ನ್ಯಾಯವಾಗಿಯೇ ತೀರ್ಪು ಕೊಟ್ಟೆ: ಮನೆ ಗುಡ್ಡದ ಮೇಲಿದ್ದದ್ದು ನಿಜ, ಆ ಗುಡ್ಡ ಹಿಮದ್ದಲ್ಲ ಎಂದು ಹೇಳದೆ ಇದ್ದದ್ದು ಕಳ್ಳತನ.

ನಮ್ಮ ಗುಡ್ಡ ನವೀ ಮುಂಬಯಿಯ ತುರ್ಭೆಯ ಹಿಂದೆ, ಕಾರ್ಖಾನೆಗಳ ಶೆಡ್ಡುಗಳು ಮುಗಿದಲ್ಲಿ ಶುರುವಾಗುತ್ತಿತ್ತು. ಪಾರಸಿಕ್ ಗುಡ್ಡದ ಒಂದು ಮಗ್ಗುಲು. ಅಲ್ಲೊಂದು ಕಲ್ಲುಗಣಿ. ಗಣಿ ಎನ್ನುವ ಮಾತು ನಮ್ಮ ಬಾಯಲ್ಲಿ ಇರಲಿಲ್ಲ, ನಮಗದು ಖದಾನ್. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರ ಮೂವತ್ತು ಗುಡಿಸಲುಗಳು ಗುಡ್ಡದ ಮೈಗೆ ಅಂಟಿಕೊಂಡಿದ್ದವು. ಗೋಡೆ ಕಲ್ಲು, ಒಲೆ ಕಲ್ಲು, ತಗಡು ಹಾರದಂತೆ ಮಾಡಿನ ಮೇಲೆ ಇಟ್ಟದ್ದೂ ಕಲ್ಲು. ನಮಗೆ ಬೇರೆ ಏನಕ್ಕೆಲ್ಲ ಕೊರತೆ ಇತ್ತೆಂದು ಪಟ್ಟಿ ಮಾಡಬಹುದು, ಕಲ್ಲಿಗೆ ಇರಲಿಲ್ಲ. ಒಂಬತ್ತು ವರ್ಷ ತುಂಬುವವರೆಗೆ ನಾನು ಅಲ್ಲಿದ್ದೆ. ಈಗ ಮೂವತ್ತಮೂರು.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನಿರ್ಧರಿಸಿದ್ದು ಆ ಹಿಮದ ಕಾರಣಕ್ಕಲ್ಲ. ಅದೇ ರಾತ್ರಿ ಊಟದ ಹೊತ್ತಿಗೆ ನಡೆದ ಇನ್ನೊಂದು ಸಣ್ಣ ಮಾತಿನಿಂದ. ಏಳು ವರ್ಷದ ಮಗ ಚಪಾತಿ ಎಣಿಸಿ, ತಲೆಗೆ ಮೂರರಂತೆ ಒಂಬತ್ತಿವೆ ಎಂದ. ಇದ್ದದ್ದು ಎಂಟು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕೂಗಿದರು: “ಅಜ್ಜಾ ಕಾ ಹಿಸಾಬ್!”

ಅಜ್ಜನ ಲೆಕ್ಕ. ನಮ್ಮ ಮನೆಯಲ್ಲಿ ಯಾರು ಏನನ್ನು ತಪ್ಪಾಗಿ ಎಣಿಸಿದರೂ ಅದಕ್ಕೆ ಇದೇ ಹೆಸರು. ಅಜ್ಜ ಎಂದರೆ ನನ್ನ ಅಪ್ಪ. ಅವನು ತೀರಿಕೊಂಡು ಎರಡು ವರ್ಷವಾಗಿದೆ. ಅವನ ಬಲಗೈಯಲ್ಲಿ ಮೂರು ಬೆರಳು ಇರಲಿಲ್ಲ. ಆ ಕತೆಯನ್ನು ಮೊಮ್ಮಕ್ಕಳಿಗೆ ಅವನೇ ಹೇಳುತ್ತಿದ್ದ, ನಗಿಸುತ್ತಲೇ ಹೇಳುತ್ತಿದ್ದ. “ಖದಾನದಾಗ ಕಲ್ಲ ಹಾರಸಾಕ ಹನ್ನೊಂದ ಮದ್ದಿನ ಸುರಂಗ ಇಟ್ಟಿದ್ದೆ. ಹತ್ತ ಹಾರಿದ್ವು. ನಾ ಹನ್ನೊಂದ ಅಂತ ಎಣಿಸಿದೆ. ಹತ್ತ ಬೆರಳಿನ ಮನಶ್ಯಾ, ಹನ್ನೊಂದಕ್ಕ ಬೆರಳ ಎಲ್ಲಿಂದ ತರ್ಲಿ? ಅದಕ್ಕ ಆ ಹನ್ನೊಂದನೇದು ಸಿಟ್ಟಾಗಿ ಮೂರ ಬೆರಳ ಒಯ್ತು. ಈಗಂತೂ ಏಳೇ ಅದಾವು. ನನ್ನ ಲೆಕ್ಕ ಕೇಳಬ್ಯಾಡ್ರಿ!” ಮಕ್ಕಳು ಅವನ ಉಳಿದ ಬೆರಳುಗಳನ್ನು ಎಣಿಸಿ ಬಿದ್ದು ಬಿದ್ದು ನಗುತ್ತಿದ್ದರು. 

ಆ ಲೆಕ್ಕ ಅವನದಲ್ಲ ಎಂಬುದು ನಮ್ಮ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ಹೋದ. ಚಪಾತಿ ಎಂಟೇ ಇದ್ದ ಆ ರಾತ್ರಿ, ಉಳಿದ ಒಬ್ಬಳು ತನ್ನ ಪಾಲಿನದನ್ನು ಡಬ್ಬಿಗೆ ಹಾಕಿ ಎದ್ದಳು.

ದಿವಾದಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಫೋನ್ ಮಾಡಿದೆ.

“ಅಲ್ಲೇನೈತಿ ಅಂತ ಹೊಂಟೀಯವಾ?” ಎಂದಳು. “ಜನಾ ಕಾಶೀಗೆ ಹೋಗ್ತಾರ, ಪಂಢರಪುರಕ್ಕ ಹೋಗ್ತಾರ. ಖದಾನಕ್ಕ ಯಾರ ಹೋಗ್ತಾರ?”

“ನೀನೂ ಬಾರವ್ವ.”

“ನಾ ಒಲ್ಲೆ. ಹತ್ತೊರ್ಷ ಆ ದೂಳ ತಿಂದೀನಿ. ಈಗೂ ಕೆಮ್ಮಿದ್ರ ಕಲ್ಲಿನ ಖಡಿ ಬೀಳ್ತಾವ.”

“ಹುಡುಗರಿಗೆ ಒಂದ ಮಾತ ಹೇಳೋದೈತಿ.”

ಆಚೆ ಕಡೆ ಟೀವಿಯ ಸದ್ದು ತಗ್ಗಿತು. “ಹೇಳೂದಿದ್ರ ಮನ್ಯಾಗ ಕುಂಡ್ರಿಸಿ ಹೇಳು,” ಎಂದಳು ಅವ್ವ. “ಗುಡ್ಡದ ಮಟ ಯಾಕ ಒಯ್ತೀ? ಸಾಕ್ಷಿ ಹೇಳ್ಸಾಕೇನ?”

ಅವ್ವ ಮೂರನೇ ಇಯತ್ತೆ ದಾಟಿದವಳಲ್ಲ. ಆದರೂ ಇಂಥ ಪ್ರಶ್ನೆ ಕೇಳಿ ಫೋನ್ ಇಟ್ಟುಬಿಡುವುದು ಅವಳಿಗೆ ಗೊತ್ತು.

ಭಾನುವಾರ ಹೊರಟೆವು. ಮಕ್ಕಳ ಅಪ್ಪ ಬರಲಿಲ್ಲ. ಥಾಣೆಯ ಹೋಟೆಲೊಂದರ ಮ್ಯಾನೇಜರನಿಗೆ ಭಾನುವಾರ ರಜೆ ಕೇಳುವ ಧೈರ್ಯವಿರುವುದಿಲ್ಲ. ಅವನು ಉಡುಪಿ ಕಡೆಯವನು, ಮನೆಮಾತು ತುಳು. ನನ್ನ ಕನ್ನಡ ಅವನಿಗೆ ಜಗಳದಂತೆ ಕೇಳುತ್ತದೆ, ಅವನ ಕನ್ನಡ ನನಗೆ ಶಾಲಾಪುಸ್ತಕದಂತೆ. ನಮ್ಮಿಬ್ಬರ ನಡುವೆ ಸಂಧಾನಕ್ಕೆ ಬಂದ ಹಿಂದಿ ಮನೆಯಲ್ಲೇ ಉಳಿದುಬಿಟ್ಟಿತು. ಮಕ್ಕಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಆ ಕಡೆಯಿಂದ ಬೇರೆ ಭಾಷೆಯಲ್ಲಿ ಬರುತ್ತದೆ. ನನ್ನ ಬಾಲ್ಯದ ಬಗ್ಗೆ ಅವರೊಡನೆ ಮಾತಾಡುವಾಗಲೆಲ್ಲ ಹೊಳೆಯ ಈ ದಡದಲ್ಲಿ ನಿಂತು ಕೂಗಿದ ಹಾಗೆ ಅನಿಸುತ್ತದೆ. ಕೇಳಿಸಿತು ಎಂದು ಅವರು ಕೈ ಎತ್ತುತ್ತಾರೆ, ಅಷ್ಟೇ.

ಥಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಮಗಳು ಜಾಕೆಟ್ ಹಾಕಿಕೊಂಡಿದ್ದಳು. ಫೋಟೋಕ್ಕೆ ಎಂದಳು. ಬೆವರು ಇಳಿಯುತ್ತಿದ್ದರೂ ತೆಗೆಯಲಿಲ್ಲ. ರಸ್ತೆ ಮುಗಿದಲ್ಲಿ ತಗಡಿನ ಬೇಲಿ, ಬೇಲಿಗೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್. ಖದಾನ್ ನಿಂತು ವರ್ಷಗಳೇ ಆಗಿವೆ.

“ಕಿಧರ್ ಜಾನೇ ಕಾ ಹೈ, ಮೇಡಂ?”

“ಊಪರ್. ಹಮಾರಾ ಘರ್ ಥಾ.”

“ಘರ್?” ಅವನು ತಲೆಯಾಡಿಸಿದ. “ಇಧರ್ ತೋ ಕಭೀ ಕೋಯೀ ಘರ್ ಥಾ ಹೀ ನಹೀಂ.”

“ಆಪ್ ಕಿತನೇ ಸಾಲ್ ಸೇ ಹೋ ಇಧರ್?”

“ದೋ ಸಾಲ್.”

“ದೋ ಸಾಲ್ ಮೇಂ ‘ಕಭೀ’ ಕೈಸೇ ಪತಾ ಚಲಾ?” ಇಲ್ಲಿ ಯಾವತ್ತೂ ಮನೆ ಇರಲಿಲ್ಲ ಎನ್ನುವುದು ಎರಡೇ ವರ್ಷದಲ್ಲಿ ಹೇಗೆ ತಿಳಿಯಿತು ಎಂದೆ.

“ಮಮ್ಮಿ ಶುರೂ ಹೋ ಗಯೀ,” ಎಂದು ಮಗ ಅಕ್ಕನ ಕಿವಿಯಲ್ಲಿ ಹೇಳಿದ್ದು ವಾಚ್‌ಮನ್‌ಗೂ ಕೇಳಿಸಿತು. ಅವನಿಗೆ ಮಕ್ಕಳ ಮೇಲೆ ಕನಿಕರ ಬಂತೋ ಏನೋ, ನೀರಿನ ಹತ್ತಿರ ಹೋಗಬೇಡಿ, ಅರ್ಧ ಗಂಟೆಯಲ್ಲಿ ಬಂದುಬಿಡಿ ಎಂದು ಗೇಟು ಸರಿಸಿದ. ನಾನು ವಾದ ಗೆದ್ದೆ ಎಂದುಕೊಳ್ಳಬಹುದಿತ್ತು. ಒಳಗೆ ಹತ್ತು ಹೆಜ್ಜೆ ಇಟ್ಟಮೇಲೆ, ಅವನು ಹೇಳಿದ್ದೇ ಸರಿ ಎನ್ನುವುದಕ್ಕೆ ಎಲ್ಲ ಪುರಾವೆಯೂ ಇತ್ತು.

ಗುಡ್ಡ ಇರಲಿಲ್ಲ. ಅರ್ಧ ಇತ್ತು. ಕೇಕನ್ನು ಕತ್ತರಿಸಿ ಒಂದು ಭಾಗ ಯಾರೋ ಎತ್ತಿಕೊಂಡು ಹೋದಂತೆ ನೆಟ್ಟಗೆ ನಿಂತ ಕಪ್ಪು ಗೋಡೆ. ಅದರ ಬುಡದಲ್ಲಿ ಹಸಿರು ನೀರು ತುಂಬಿದ ಹೊಂಡ. ಗೋಡೆಯ ನೆತ್ತಿಯಲ್ಲಿ, ಅಂಚಿಗೆ ತಾಗಿಕೊಂಡು, ಹೈಟೆನ್ಶನ್ ತಂತಿಯ ಕಬ್ಬಿಣದ ಟವರ್ ಒಂದು ಒಂಟಿಕಾಲಲ್ಲಿ ನಿಂತಂತೆ ನಿಂತಿತ್ತು. ಅದೊಂದೇ ನನಗೆ ಗುರುತು ಸಿಕ್ಕಿದ್ದು. ಚಿಕ್ಕವಳಿದ್ದಾಗ ಮನೆಯ ಬಾಗಿಲಿನಿಂದ ಆ ಟವರಿಗೆ ಏರಿನಲ್ಲಿ ನನ್ನ ಹೆಜ್ಜೆ ಅರವತ್ತು, ಅಪ್ಪನ ಹೆಜ್ಜೆ ಮೂವತ್ತು. ಈಗ ಟವರಿನಿಂದ ಈ ಕಡೆಗೆ ಮೂವತ್ತು ಹೆಜ್ಜೆ ಬಂದರೆ ಕಾಲಿಗೆ ಸಿಗುವುದು ಗಾಳಿ.

“ಕಹಾಂ ಥಾ ಘರ್?” ಮಗ ಕೇಳಿದ.

ಕೈ ಎತ್ತಿ ಆಕಾಶ ತೋರಿಸಿದೆ. “ಅಲ್ಲಿ. ಆ ಹದ್ದು ಹಾರುತ್ತಿದೆಯಲ್ಲ, ಅದರ ಸ್ವಲ್ಪ ಕೆಳಗೆ.”

ಮಕ್ಕಳಿಬ್ಬರೂ ಹದ್ದನ್ನು ನೋಡಿದರು. ಅದು ನಮ್ಮ ಒಲೆಯಿದ್ದ ಕಡೆಯಿಂದ ಹಾದು ನೀರಿನ ಕೊಡ ಇಡುತ್ತಿದ್ದ ಮೂಲೆಯ ಕಡೆಗೆ ಹೋಯಿತು. ಮನೆ ಬಿದ್ದುಹೋಗಿದ್ದರೆ ಕಲ್ಲು ತೋರಿಸಬಹುದಿತ್ತು. ಬೇರೆಯವರು ವಾಸವಿದ್ದರೆ ಬಾಗಿಲು ತಟ್ಟಿ ನೀರು ಕೇಳಬಹುದಿತ್ತು. ಮನೆಯ ಕೆಳಗಿನ ನೆಲವೇ ಲಾರಿ ಹತ್ತಿ ಹೋದಮೇಲೆ ತೋರಿಸುವುದಕ್ಕೆ ಬೆರಳೊಂದೇ ಉಳಿಯುತ್ತದೆ. ಯಾವ ಕಟ್ಟಡದ ಕಾಂಕ್ರೀಟಿನಲ್ಲಿದೆಯೋ ನಮ್ಮ ಹೊಸ್ತಿಲು. ಮಗಳು ಜಾಕೆಟ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಫೋಟೋ ಎಂಬ ಮಾತು ಮತ್ತೆ ಬರಲಿಲ್ಲ.

ನೆರಳಿದ್ದ ಒಂದು ಬಂಡೆಯ ಮೇಲೆ ಕೂತೆವು. ನಾನು ಹೇಳತೊಡಗಿದೆ.

ಅಪ್ಪನ ಕೆಲಸ ಬತ್ತಿ ಹಚ್ಚುವುದು. ಬಂಡೆಯಲ್ಲಿ ತೂತು ಕೊರೆದು ಮದ್ದು ತುಂಬಿ ಬತ್ತಿ ಇಳಿಬಿಟ್ಟರೆ ಅದು ಸುರಂಗ. ಬತ್ತಿಗಳ ಉದ್ದ ಒಂದರಂತೆ ಒಂದಿರುವುದಿಲ್ಲ. ಎಲ್ಲ ಒಟ್ಟಿಗೆ ಸಿಡಿಯದೆ ಒಂದಾದಮೇಲೊಂದು ಸಿಡಿಯಲಿ, ಎಣಿಸಲು ಬರಲಿ ಎಂದು. ಕೆಂಪು ಬಾವುಟ ಏರಿಸಿ ಸೀಟಿ ಊದಿದ ಕೂಡಲೇ ಎಲ್ಲರೂ ಗುಡಿಸಲಿನೊಳಗೆ. ಮಕ್ಕಳು ಮಂಚದ ಕೆಳಗೆ. ಎಷ್ಟು ಸುರಂಗ ಇಟ್ಟಿದೆ ಎಂದು ಮೊದಲೇ ಕೂಗಿ ಹೇಳಿರುತ್ತಿದ್ದರು. ಎಣಿಸುವುದು ಒಬ್ಬರ ಕೆಲಸವಲ್ಲ, ಇಡೀ ಗುಡ್ಡದ ಕೆಲಸ. ನಾನು ಅಷ್ಟೇ ಹರಳುಗಳನ್ನು ಎಡಗೈಯಲ್ಲಿ ಹಿಡಿದು, ಢಮ್ ಎಂದಾಗಲೆಲ್ಲ ಒಂದೊಂದನ್ನು ನೆಲಕ್ಕೆ ಹಾಕುತ್ತಿದ್ದೆ. ಕೈ ಖಾಲಿಯಾದರೆ ಎಲ್ಲ ಹಾರಿದವು ಎಂದರ್ಥ. ಆಮೇಲೆ ಗುಡಿಸಲಿನಿಂದ ಗುಡಿಸಲಿಗೆ ಕೂಗು ಹೊರಡುತ್ತಿತ್ತು: ‘ಎಷ್ಟಾತು?’ ಎಲ್ಲರ ಲೆಕ್ಕ ಕೂಡಿದರೆ ಬಾವುಟ ಇಳಿಯುತ್ತಿತ್ತು. ಒಂದು ಗುಡಿಸಲಿನ ಲೆಕ್ಕ ಬೇರೆಯಾದರೂ ‘ಎರಡ ಬೀಡಿ’. ಅಂದರೆ ಎರಡು ಬೀಡಿ ಸೇದಿ ಮುಗಿಯುವವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಗಡಿಯಾರ ಇಲ್ಲದವರು ಮಾಡಿಕೊಂಡ ಕಾಯಿದೆ. ಅದಕ್ಕಿಂತ ಒಳ್ಳೆಯ ಕಾಯಿದೆಯನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಿಲ್ಲ.

ಆ ದಿನ ಸಂಜೆ ನಾಲ್ಕರ ಹೊತ್ತು. ಹನ್ನೊಂದು ಸುರಂಗ. ಅವ್ವ ಕೆಳಗೆ ಟ್ಯಾಂಕರಿನ ನೀರಿಗೆ ಹೋಗಿದ್ದಳು. ಬತ್ತಿ ಹಚ್ಚಿ ಓಡಿಬಂದ ಅಪ್ಪ ನಮ್ಮ ಗುಡಿಸಲಿಗೇ ನುಗ್ಗಿದ, ಅದೇ ಹತ್ತಿರವಾಗಿತ್ತು. ಸದ್ದುಗಳು ಮುಗಿದವು. ಅಪ್ಪ ಬೀಡಿ ಹಚ್ಚಿದ.

“ಹತ್ತ ಆದ್ವು. ಇನ್ನೊಂದ ಉಳದೈತಿ.”

“ಹನ್ನೊಂದ ಆತಪ್ಪಾ,” ಎಂದೆ ನಾನು ಮಂಚದ ಕೆಳಗಿಂದ. “ನೋಡು, ನನ್ನ ಕೈಯಾಗ ಹರಳಿಲ್ಲ.”

“ನಾನೂ ಎಣಿಸೀನಲ್ಲವಾ.”

“ನೀ ನಡಕ ಕೆಮ್ಮಿದಿ. ಕೆಮ್ಮೂದ್ರಾಗ ಒಂದ ಹೋತು. ನಾ ಕೆಮ್ಮಿಲ್ಲ. ಅಂದಮ್ಯಾಲ ಯಾರದು ಖರೆ?”

ಅವನು ನಕ್ಕ. “ವಕೀಲಳಾಗ್ತೀ ನೀ.”

ಕೆಳಗೆ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ಪಕ್ಕದ ಗುಡಿಸಲಿನಿಂದ ಕೂಗು ಬಂತು: “ಎಷ್ಟಾತು?” ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಕೂಗಿದೆ: “ಹನ್ನೊಂದು!” ಆಚೆಯ ಅಜ್ಜಿಯೊಬ್ಬಳು, ಹತ್ತ ಆದಂಗ ಕಾಣ್ತೈತಲ್ಲ ಎಂದು ಮೆಲ್ಲಗೆ ಅಂದಳು. ನಾನು ಇನ್ನೂ ಜೋರಾಗಿ, ಗಂಟಲು ಬಿರಿಯುವ ಹಾಗೆ ಕೂಗಿದೆ: “ಹನ್ನೊಂದು! ನಾ ಹರಳ ಹಿಡದೀನಿ!” ಜೋರಾಗಿ ಹೇಳಿದ ಲೆಕ್ಕವೇ ನಿಂತಿತು. ಅಪ್ಪ ಎದ್ದ. “ಆತವಾ, ನೀ ಗೆದ್ದಿ,” ಎಂದ. ಬೀಡಿಯನ್ನು ಹೊಸ್ತಿಲ ಮೇಲೆ ಬಿಟ್ಟು ಹೋದ. ಅದು ಅರ್ಧವೂ ಆಗಿರಲಿಲ್ಲ, ಇನ್ನೂ ಹೊಗೆಯಾಡುತ್ತಿತ್ತು. ನಾನು ಅದನ್ನು ನೋಡುತ್ತಿರುವಾಗಲೇ ಹನ್ನೊಂದನೆಯದು ಸಿಡಿಯಿತು.

ಮಗ ಅಕ್ಕನ ಜಾಕೆಟ್ಟಿನ ತೋಳು ಹಿಡಿದುಕೊಂಡ. ಹೊಂಡದ ನೀರಿನಲ್ಲಿ ಏನೋ ಪುಳಕ್ಕೆಂದಿತು.

ಆಸ್ಪತ್ರೆಯಲ್ಲಿ ಖದಾನಿನ ಕೂಲಿಗಳ ಮೇಲ್ವಿಚಾರಕ ಮುಕಾದಮ ಬಂದು ಹೇಗಾಯಿತು ಎಂದು ಕೇಳಿದ. “ನನ್ನ ಲೆಕ್ಕ ತಪ್ಪಿತ್ರಿ,” ಎಂದ ಅಪ್ಪ. ನಾನು ಮಂಚದ ಕಾಲು ಹಿಡಿದು ಅಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೋ ಏನೋ. ಆಮೇಲೂ ಆ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬರಲಿಲ್ಲ. ಗುಡ್ಡ ಬಿಟ್ಟೆವು. ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಗೋಣಿಗಳಿಗೆ ಕಾವಲು ಕೂರುವ ಕೆಲಸ ಅವನಿಗೆ ಸಿಕ್ಕಿತು. ಬೆರಳು ಎಷ್ಟಿದ್ದರೂ ನಡೆಯುವ ಕೆಲಸ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲತೊಡಗಿದಾಗ ಒಮ್ಮೆ ಅವನು ನೋಡಲು ಬಂದಿದ್ದ. ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ. ಕಪ್ ಹಿಡಿದು ಹೊರಗೆ ಬಂದಾಗ ಕೇಳಿದ, “ಎರಡರಾಗ ಯಾವ ಕಡೆ ಖರೆ ಇತ್ತವಾ?” ಚೀಟಿ ಎತ್ತಿ ಕಡೆ ಕೊಡುತ್ತಾರಪ್ಪಾ, ಬಂದ ಕಡೆಗೆ ವಾದ ಮಾಡಬೇಕು, ಎಂದೆ. ಅವನು ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. “ಹಂಗಾದ್ರ ಚೊಲೋ ಐತಿ,” ಎಂದ. ಏನು ಚೊಲೋ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಕೇಳುವವಳು ಕೇಳದೆ ಬಿಟ್ಟ ಕೆಲವೇ ಪ್ರಶ್ನೆಗಳಲ್ಲಿ ಅದೊಂದು.

ಇಷ್ಟನ್ನೂ ಹೇಳಿ ಮುಗಿಸಿದಾಗ ಮೊದಲು ಮಾತಾಡಿದವನು ಮಗ. “ಪರ್ ತೂ ತೋ ಛೋಟೀ ಥೀ,” ಎಂದ. ನೀನು ಚಿಕ್ಕವಳಿದ್ದೆ. ಅದು ನನ್ನ ಪರವಾದ ಮೊದಲ ವಾದ, ನನಗದು ಹಳೆಯದು. ಒಂಬತ್ತು ವರ್ಷದ ಹುಡುಗಿಯ ಲೆಕ್ಕವನ್ನು ನಂಬಿ ದೊಡ್ಡವನೊಬ್ಬ ಹೋಗುತ್ತಾನೆಯೇ? ಅವನಿಗೂ ಹೋಗುವ ಅವಸರ ಇರಲಿಲ್ಲವೇ, ಲಾರಿ ಕಾಯುತ್ತಿರಲಿಲ್ಲವೇ? ಕಾಯಿದೆ ಮುರಿದವನು ಅವನಲ್ಲವೇ? ಈ ವಾದಗಳನ್ನು ನಾನು ಎಷ್ಟು ಸಲ ಮಂಡಿಸಿದ್ದೇನೆ ಎಂದರೆ ನಿದ್ದೆಯಲ್ಲೂ ಹೇಳಬಲ್ಲೆ. ಎದುರು ಕಡೆಯದ್ದೂ ಬಾಯಿಪಾಠ: ಕಾಯಿದೆ ಅವನು ಮುರಿಯಲಿಲ್ಲ, ಎರಡು ಲೆಕ್ಕ ಇದ್ದವು, ಒಂದನ್ನು ನಾನು ಕೂಗಿ ಮುಚ್ಚಿದೆ.

ಮಗಳು ಎದ್ದು ಹೊಂಡದ ದಡದ ಕಡೆ ನಾಲ್ಕು ಹೆಜ್ಜೆ ಹೋದಳು. ಗೋಡೆಗೆ ಮುಖ ಮಾಡಿ ಚಪ್ಪಾಳೆ ತಟ್ಟಿದಳು. ಒಂದು ಚಪ್ಪಾಳೆ. ಗೋಡೆ ಅದನ್ನು ಹಿಂದಕ್ಕೆ ಕಳಿಸಿತು. ಮತ್ತೆ ತಟ್ಟಿದಳು. ಮತ್ತೆ ಎರಡು.

“ಏಕೋ,” ಎಂದಳು ತಿರುಗಿ. ಅವಳ ಕಣ್ಣು ಹೊಳೆಯುತ್ತಿತ್ತು. “ಮಮ್ಮಿ, ತೂನೇ ಏಕೋ ಗಿನಾ ಹೋಗಾ! ತೇರೀ ಗಲತೀ ಹೀ ನಹೀಂ.”

ಪ್ರತಿಧ್ವನಿಯನ್ನು ಎಣಿಸಿರಬೇಕು ನೀನು, ತಪ್ಪು ನಿನ್ನದಲ್ಲ. ಅಬ್ಬಾ, ಎಷ್ಟು ಚಂದದ ವಾದ! ನನ್ನ ಶನಿವಾರದ ಹುಡುಗಿಯರು ಯಾರೂ ಇಷ್ಟು ಬೇಗ ಕಟ್ಟಲಾರರು. ಅದನ್ನು ತೆಗೆದುಕೊಂಡು ಮನೆಗೆ ಹೋಗಬಹುದಿತ್ತು. ಸಾಯುವವರೆಗೂ ಸಾಕಾಗುತ್ತಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಆಗ ಈ ಗೋಡೆ ಇರಲಿಲ್ಲ,” ಎಂದೆ. “ಗುಡ್ಡ ಇಳಿಜಾರಾಗಿತ್ತು, ಮೈತುಂಬ ಕುರುಚಲು ಇತ್ತು. ಪ್ರತಿಧ್ವನಿ ಕೇಳಿದ ನೆನಪು ನನಗಿಲ್ಲ. ಪ್ರತಿಧ್ವನಿಯೇ ಆಗಿದ್ದರೆ ಹತ್ತಕ್ಕೂ ಬರಬೇಕಿತ್ತು, ಒಂದಕ್ಕೆ ಯಾಕೆ? ಕೈಯಲ್ಲಿ ಹತ್ತೇ ಹರಳು ಹಿಡಿದಿದ್ದೆನೋ, ಒಮ್ಮೆ ಎರಡು ಬಿದ್ದವೋ. ಗೊತ್ತಿಲ್ಲ. ಪುರಾವೆ ಇಲ್ಲ.”

ಪುರಾವೆ ಇರಬೇಕಾದ ಜಾಗದಲ್ಲಿ ಹದ್ದು ಇನ್ನೂ ಸುತ್ತುತ್ತಿತ್ತು. ಆ ಗುಡಿಸಲುಗಳ ಜನ ಎಲ್ಲಿ ಹೋದರೋ. ಹತ್ತು ಎಂದು ಮೆಲ್ಲಗೆ ಹೇಳಿದ ಅಜ್ಜಿ ಬದುಕಿರಲಾರಳು. ನೆಲ ಹೋಗಿದೆ, ನೆಲದ ಮೇಲೆ ಬಿದ್ದ ಹರಳೂ ಹೋಗಿವೆ. ತಪ್ಪು ಸಾಬೀತಾದರೆ ಒಂದು ನೆಮ್ಮದಿ, ತಪ್ಪಿಲ್ಲವೆಂದಾದರೆ ಇನ್ನೊಂದು. ಎರಡೂ ಇಲ್ಲದ ಕಡೆ ನಾನೊಬ್ಬಳೇ ಎರಡೂ ಕಡೆಯ ವಕೀಲಳಾಗಿ ಇಪ್ಪತ್ನಾಲ್ಕು ವರ್ಷದಿಂದ ನಿಂತಿದ್ದೇನೆ.

ಮಗಳ ಮುಖದ ಹೊಳಪು ಆರಿತು. ಬಂದು ನನ್ನೆದುರು ಕೂತಳು. ಅವಳು ಏನೋ ಯೋಚಿಸುವಾಗ ಕೆಳದುಟಿ ಕಚ್ಚುತ್ತಾಳೆ, ನನ್ನ ಅಪ್ಪನ ಹಾಗೆ.

“ಹಮ್ ‘ಅಜ್ಜಾ ಕಾ ಹಿಸಾಬ್’ ಬೋಲತೇ ಥೇ,” ಎಂದಳು ನಿಧಾನವಾಗಿ. “ಅಜ್ಜಾ ಕೇ ಸಾಮನೇ ಭೀ. ತಬ್ ತೂ ಕ್ಯಾ ಕರತೀ ಥೀ?”

ನಾವು ಅಜ್ಜನ ಎದುರೇ ಹಾಗೆ ಹೇಳುತ್ತಿದ್ದೆವಲ್ಲ, ಆಗ ನೀನು ಏನು ಮಾಡುತ್ತಿದ್ದೆ?

ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ: ಒಳ್ಳೆಯ ಪ್ರಶ್ನೆ ಚಿಕ್ಕದಿರುತ್ತದೆ, ಅದಕ್ಕೆ ‘ಆದರೆ’ ಎಂದು ಶುರುವಾಗುವ ಉತ್ತರ ಇರುವುದಿಲ್ಲ. ಒಂಬತ್ತು ವರ್ಷದವಳ ಪರವಾಗಿ ನನ್ನ ಬಳಿ ಹದಿನಾರು ವಾದಗಳಿದ್ದವು. ಮೂವತ್ತು ದಾಟಿದವಳ ಪರವಾಗಿ ಒಂದೂ ಇರಲಿಲ್ಲ. ಊಟಕ್ಕೆ ಕೂತಲ್ಲಿ, ಅಪ್ಪ ಎಡಗೈಯಿಂದ ರೊಟ್ಟಿ ಮುರಿಯುತ್ತಿರುವಾಗ, ಮಕ್ಕಳು ಆ ಮಾತು ಕೂಗಿದಾಗಲೆಲ್ಲ...

“ನಗುತ್ತಿದ್ದೆ,” ಎಂದೆ.

“ಔರ್ ಅಜ್ಜಾ?”

“ಅಜ್ಜನೂ ನಗುತ್ತಿದ್ದ.”

ಅವಳು ತಲೆಯಾಡಿಸಿದಳು. ಬೈದಿದ್ದರೆ ಉತ್ತರಿಸಬಹುದಿತ್ತು. ಅತ್ತಿದ್ದರೆ ಹತ್ತಿರ ಎಳೆದುಕೊಳ್ಳಬಹುದಿತ್ತು. ಅವಳು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಎರಡೂ ಕಾಲಿನದು, ಬಹಳ ಸಾವಕಾಶವಾಗಿ. ಗೇಟಿನಿಂದ ವಾಚ್‌ಮನ್ ಸೀಟಿ ಊದಿದ, ಅರ್ಧ ಗಂಟೆ ಮುಗಿಯಿತು ಎಂದು. ನಾನು ಬೆಚ್ಚಿ ಮಗನ ತಲೆಯ ಮೇಲೆ ಕೈ ಇಟ್ಟುಬಿಟ್ಟಿದ್ದೆ. ಆ ಗುಡ್ಡದಲ್ಲಿ ಸೀಟಿ ಕೇಳಿದರೆ ಮಂಚದ ಕೆಳಗೆ ಹೋಗಬೇಕು ಎನ್ನುವುದು ನನ್ನ ಮೈಗೆ ಇನ್ನೂ ನೆನಪಿತ್ತು.

ಗೇಟು ದಾಟುವಾಗ ವಾಚ್‌ಮನ್ ಕೇಳಿದ, “ಮಿಲಾ ಘರ್?”

“ನಹೀಂ,” ಎಂದೆ. ಅವನಿಗೆ ಖುಷಿಯಾಗಬೇಕಿತ್ತು. ಆದರೆ ಅವನು ಒಳಗೆ ಹೋಗಿ ಬಾಟಲಿಯಲ್ಲಿ ನೀರು ತಂದು ಮಕ್ಕಳಿಗೆ ಕೊಟ್ಟ.

ಥಾಣೆಯಿಂದ ಡೊಂಬಿವಲಿಗೆ ಸ್ಲೋ ಗಾಡಿ ಹಿಡಿದೆವು. ಭಾನುವಾರದ ಮಧ್ಯಾಹ್ನ, ಕೂರಲು ಜಾಗ ಸಿಕ್ಕಿತು. ಮಗಳು ಎದುರಿನ ಬೆಂಚಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತಳು. ನನ್ನ ಪಕ್ಕದ ಕಿಟಕಿಯೂ ಖಾಲಿ ಇತ್ತು. ಮುಂಬ್ರಾದ ಹತ್ತಿರ ಒಂದು ಕಡೆ ಕಡಲು ಒಳನುಗ್ಗಿದ ಖಾಡಿಯ ನೀರು, ಇನ್ನೊಂದು ಕಡೆ ಮೈಮೇಲೆ ಬರುವಂತೆ ಗುಡ್ಡ. ಥಾಣೆಗೆ ಹೋಗಿಬರುವಾಗಲೆಲ್ಲ ನೋಡುವ ಗುಡ್ಡವೇ. ನಮ್ಮ ಗುಡ್ಡದ ಬೆನ್ನು ಅದು. ಆಚೆ ಹೊಟ್ಟೆ ಬಗೆದಿರುವುದು ಈ ಕಡೆಯವರಿಗೆ ಕಾಣುವುದಿಲ್ಲ.

ಆಗ ನನಗೆ ಹೊಳೆಯಿತು, ನಾನು ಈ ದಿನ ಮಾಡಿದ್ದೇನೆಂದು. ಆ ಕತೆ ಅಪ್ಪ ನನಗಾಗಿ ಕಟ್ಟಿದ ಮಾಡು. ಬೆರಳಿಲ್ಲದ ಕೈಯಿಂದ ಕಟ್ಟಿ, ನಗುವಿನ ತಗಡು ಹೊದಿಸಿ, ನನ್ನ ಮಕ್ಕಳೂ ಅದರ ಕೆಳಗೆ ಆಡಿಕೊಂಡಿರುವಂತೆ ಮಾಡಿದ್ದ. ನಾನು ಅದನ್ನು ಕಿತ್ತೆ. ಖರೆ ಹೇಳಬೇಕಿತ್ತು, ಹೇಳಿದೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವನ ಆ ಜೋಕನ್ನು ಮಕ್ಕಳು ಇನ್ನು ಹೇಳಲಾರರು. ಅವನು ಬಿಟ್ಟುಹೋದದ್ದರಲ್ಲಿ ಅವರಿಗೆ ತುಂಬ ಇಷ್ಟವಾಗಿದ್ದದ್ದು ಅದೇ. ಹೇಳದೆ ಇದ್ದಾಗಲೂ ಅವನಿಂದ ಕದ್ದೆ, ಹೇಳಿಯೂ ಕದ್ದೆ.

ಮಗ ಗುಡ್ಡದ ನೆತ್ತಿಯ ಟವರುಗಳನ್ನು ಎಣಿಸುತ್ತಿದ್ದ, ನಮ್ಮದು ಯಾವುದು ಎಂದು ಹುಡುಕಲು. “ಸಾತ್,” ಎಂದ. ಏಳು.

“ಏಕ್ ಕೋ ದೋ ಬಾರ್ ಗಿನಾ ತೂನೇ,” ಎಂದಳು ಅಕ್ಕ, ತಲೆ ತಿರುಗಿಸದೆ. ಒಂದನ್ನು ಎರಡು ಸಲ ಎಣಿಸಿದ್ದೀ.

“ಅಜ್ಜಾ ಕಾ...” ಅವನ ಬಾಯಿಗೆ ರೂಢಿಯಾದ ಮಾತು ಬಂದುಬಿಟ್ಟಿತು. ಅಲ್ಲೇ ನಿಂತ. ನನ್ನನ್ನು ನೋಡಿದ, ಅಕ್ಕನನ್ನು ನೋಡಿದ.

“ಫಿರ್ ಸೇ ಗಿನ್,” ಎಂದಳು ಅವಳು. “ಆರಾಮ್ ಸೇ.”

ಅವನು ಬೆರಳು ಮಡಚುತ್ತ ಮತ್ತೆ ಒಂದರಿಂದ ಶುರುಮಾಡಿದ. ಕಿಟಕಿಯಾಚೆ ನೋಡುತ್ತ ಅವಳೂ ತುಟಿ ಅಲುಗಿಸದೆ ಎಣಿಸುತ್ತಿದ್ದಳು. ನಾನೂ ಎಣಿಸಿದೆ. ಗಾಡಿ ತಿರುವಿನಲ್ಲಿ ನಿಧಾನವಾಯಿತು, ಗುಡ್ಡ ಹಿಂದೆ ಸರಿಯಿತು. ಅಕ್ಕ ತಮ್ಮ ಒಬ್ಬರಿಗೊಬ್ಬರು ಬೆರಳು ತೋರಿಸಿಕೊಂಡರು. ಆರು, ಆರು. ಲೆಕ್ಕ ಕೂಡಿತು. ನನ್ನದೂ ಆರೇ ಆಗಿತ್ತು. ದಿವಾ ಬರುವವರೆಗೆ ಕಾದೆ. ಎಷ್ಟಾಯಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ.